ಬುಟ್ಟಿಯಲ್ಲಿ ಮಡಚಿದ ಕಾಲುಗಳು

ಜಪಾನಿನ ಬುಟೋ ನೃತ್ಯದ ಮಾತು ಬಂದಲ್ಲೆಲ್ಲ ಹಿಂದೆಯೇ ಹಿರೋಶಿಮಾದ ಮಾತೂ ಬರುತ್ತದೆ. ಮೈಗೆಲ್ಲ ಬಿಳಿ ಬಣ್ಣ ಬಳಿದುಕೊಂಡು, ಬೆನ್ನು ಬಾಗಿಸಿ, ಮುಖ ಕಿವುಚಿ, ಇಂಚಿಂಚಾಗಿ ಚಲಿಸುವ ಆ ದೇಹಗಳನ್ನು ಕಂಡವರಿಗೆ ಅಣುಬಾಂಬಿನ ಬೂದಿ ನೆನಪಾಗುವುದು ಸಹಜವೇ. ಆದರೆ ಇಂಥ ಸುಲಭದ ವಿವರಣೆಗಳೆಂದರೆ ನನಗೆ ಅಳುಕು. ನನ್ನ ಕತೆಯಲ್ಲಿ ಮುದುಕಿಯೊಬ್ಬಳು ಅತ್ತರೆ, 'ಇದು ಯಾವ ಗಲಭೆಯ ಕತೆ?' ಎಂದು ಕೇಳುವ ಓದುಗರಿದ್ದಾರೆ. ಅವಳು ತವರಿನಿಂದ ತಂದ ಪಿಂಗಾಣಿ ಬಸಿಯೊಂದು ಒಡೆದದ್ದಕ್ಕೆ ಅಳುತ್ತಿರಬಹುದಲ್ಲವೇ?

ತತ್ಸುಮಿ ಹಿಜಿಕಾಟಾ ಟೋಕಿಯೊದಲ್ಲಿ 'ಕಿಂಜಿಕಿ'ಯನ್ನು ಪ್ರದರ್ಶಿಸಿದ್ದು 1959ರಲ್ಲಿ. ಬುಟೋ ಅಲ್ಲಿಂದ ಶುರುವಾಯಿತೆಂದು ಹೇಳುವುದು ವಾಡಿಕೆ. ಅವರು ಹುಟ್ಟಿದ್ದು 1928ರಲ್ಲಿ, ಹಿರೋಶಿಮಾದಿಂದ ಬಲು ದೂರದ ಹಿಮದ ಸೀಮೆ ಅಕಿಟಾದಲ್ಲಿ. 1985ರ ಒಂದು ಉಪನ್ಯಾಸದಲ್ಲಿ ಅವರು ತಮ್ಮ ಸೀಮೆಯ ಕೂಸುಗಳನ್ನು ನೆನಪಿಸಿಕೊಂಡರು. ಗದ್ದೆಯಲ್ಲಿ ದುಡಿಯುವ ಹೆತ್ತವರು ಮಕ್ಕಳನ್ನು ಹುಲ್ಲಿನ ಬುಟ್ಟಿಗಳಲ್ಲಿ ಕೂರಿಸಿ ಹೊಲದಲ್ಲೇ ಬಿಡುತ್ತಿದ್ದರು. ಅತ್ತರೆ ಕೇಳುವವರಿಲ್ಲ. ಸಂಜೆ ಹೊರಗೆತ್ತಿದಾಗ ಮಡಚಿದ ಕಾಲುಗಳು ನೆಟ್ಟಗಾಗುತ್ತಿರಲಿಲ್ಲ. ಬುಟೋದ ಬಾಗಿದ ಮೊಣಕಾಲುಗಳನ್ನು ಈ ಬುಟ್ಟಿಯ ಪಕ್ಕದಲ್ಲಿಟ್ಟು ನೋಡಿ. ಅಲ್ಲಿರುವುದು ಬಡತನ, ಚಳಿ, ದುಡಿಮೆ.

ಹಾಗೆಂದು ಬುಟೋ ಜಪಾನಿನ ಮಣ್ಣಿನಿಂದಷ್ಟೇ ಎದ್ದು ಬಂದದ್ದೂ ಅಲ್ಲ. ಹಿಜಿಕಾಟಾ ಜರ್ಮನಿಯ ಆಧುನಿಕ ನೃತ್ಯವನ್ನು ಕಲಿತಿದ್ದರು, ಫ್ರೆಂಚ್ ಲೇಖಕ ಝಾನ್ ಜೆನೆಯನ್ನು ಹಚ್ಚಿಕೊಂಡಿದ್ದರು. ನಾನಾಕೊ ಕುರಿಹಾರಾ, ಬ್ರೂಸ್ ಬೇರ್ಡ್‌ರಂಥ ವಿದ್ವಾಂಸರು ಅವರ ಮಾತು ಮತ್ತು ಬರಹಗಳನ್ನು ಶ್ರದ್ಧೆಯಿಂದ ಅಭ್ಯಸಿಸಿದ್ದಾರೆ. ಶಿಷ್ಯರಿಗೆ ಹಿಜಿಕಾಟಾ ಹೆಜ್ಜೆಯ ಲೆಕ್ಕದ ಬದಲು ಶಬ್ದಚಿತ್ರಗಳನ್ನು ಕೊಡುತ್ತಿದ್ದರು. ಇವಕ್ಕೆ 'ಬುಟೋ-ಫು' ಎಂದು ಹೆಸರು. ಹೂವು ಎಂದರೆ ಹೂವಿನಂತೆ ನಟಿಸುವುದಲ್ಲ. ಆ ಶಬ್ದ ನರಗಳಿಗೆ ಇಳಿದು ದೇಹವನ್ನೇ ಬದಲಿಸಬೇಕು. ಶಬ್ದಗಳನ್ನೇ ನಂಬಿ ಬದುಕುವ ನನಗೆ ಇದು ಅಸೂಯೆ ಹುಟ್ಟಿಸುವ ಸಂಗತಿ.

ನರ್ತಕಿಯೂ ಚಿಂತಕಿಯೂ ಆದ ಸೋಂಡ್ರಾ ಫ್ರೇಲಿ ಬುಟೋವನ್ನು ಅನುಭವದ ತತ್ತ್ವಶಾಸ್ತ್ರದ ಬೆಳಕಿನಲ್ಲಿ ನೋಡುತ್ತಾರೆ. ದೇಹ ನಾವು ಹೊತ್ತು ತಿರುಗುವ ಸಾಮಾನಲ್ಲ, ದೇಹವೇ ನಾವು ಎಂಬುದು ಫ್ರಾನ್ಸಿನ ಮೆರ್ಲೋ-ಪಾಂಟಿಯಿಂದ ಹರಿದು ಬಂದ ವಿಚಾರ. ಹಾಗಿದ್ದರೆ ಮುದಿ ದೇಹ, ಸೋತ ದೇಹ, ನೆಟ್ಟಗೆ ನಿಲ್ಲಲಾಗದ ದೇಹಗಳೂ ಪೂರ್ಣ ಮನುಷ್ಯರೇ. ಅವಕ್ಕೂ ವೇದಿಕೆಯ ಹಕ್ಕಿದೆ.

ಈ ಮಾತಿಗೆ ಸಾಕ್ಷಿ ಕಜುವೊ ಒನೊ. ಯುದ್ಧವನ್ನು ಅವರು ಕೇಳಿ ತಿಳಿದವರಲ್ಲ; ಸೈನಿಕರಾಗಿದ್ದು ನ್ಯೂಗಿನಿಯಲ್ಲಿ ಕೈದಿಯಾಗಿದ್ದವರು. ಆದರೂ 1977ರಲ್ಲಿ, 71ನೆಯ ವಯಸ್ಸಿನಲ್ಲಿ, ಹೆಣ್ಣುಡುಗೆ ತೊಟ್ಟು ಅವರು ನರ್ತಿಸಿದ್ದು ತಾವು 1929ರಲ್ಲಿ ಟೋಕಿಯೊದಲ್ಲಿ ಕಂಡ 'ಲಾ ಅರ್ಜೆಂಟೀನಾ' ಎಂಬ ಸ್ಪ್ಯಾನಿಷ್ ನರ್ತಕಿಯ ನೆನಪಿಗೆ. ಅದನ್ನು ನಿರ್ದೇಶಿಸಿದವರು ಹಿಜಿಕಾಟಾ. ಅರ್ಧ ಶತಮಾನ, ನಡುವೆ ಒಂದು ಮಹಾಯುದ್ಧ, ಅದನ್ನೆಲ್ಲ ದಾಟಿ ಉಳಿದು ಬಂದದ್ದು ಒಂದು ಸಂಜೆಯ ಸಂತೋಷ! ಕೊನೆಗಾಲದಲ್ಲಿ ಕಾಲು ಸೋತಾಗ ಒನೊ ಕುಳಿತಲ್ಲೇ ಕೈಗಳಿಂದ ನರ್ತಿಸಿದರು. 2010ರಲ್ಲಿ ತೀರಿಕೊಂಡಾಗ ಅವರಿಗೆ 103 ವರ್ಷ.

ಯುದ್ಧಾನಂತರದ ಜಪಾನಿನ ಮೇಲೆ ಹಿರೋಶಿಮಾದ ನೆರಳು ಇದ್ದೇ ಇದೆ, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಆ ಮುದಿ ಕೈಗಳಿಗೆ ದುರಂತವೊಂದರ ಹೆಸರು ಕಟ್ಟುವ ಮೊದಲು, ಅವು ಯಾರನ್ನು ನೆನೆಯುತ್ತಿವೆ ಎಂದು ನೋಡುವಷ್ಟು ತಾಳ್ಮೆ ನಮಗಿರಬೇಡವೇ?