ಸ್ತೋತ್ರವೆಂಬ ಮಾತು

‘ಸ್ತು’ ಎಂಬ ಧಾತುವಿನಿಂದ ಸ್ತುತಿ, ಸ್ತವ, ಸ್ತೋತ್ರ ಎಂಬ ರೂಪಗಳಾಗುವುವೆಂದು ಪಾಠಶಾಲೆಯಲ್ಲಿ ನಮಗೆ ಹೇಳಿಕೊಟ್ಟಿದ್ದರು. ರೂಪಸಿದ್ಧಿಯು ನನಗೆ ಬಾಲ್ಯದಲ್ಲಿಯೇ ವಶವಾಯಿತು. ಅರ್ಥಸಿದ್ಧಿಯಾದುದು ನಡುವಯಸ್ಸಿನಲ್ಲಿ, ಮಂಗಳೂರಿನ ಒಂದು ಕ್ರೈಸ್ತ ಕುಟುಂಬದ ಜಗಲಿಯಲ್ಲಿ. ಆ ಸಂಗತಿಯನ್ನು ವಾಚಕರ ಮುಂದಿಡಬೇಕೆಂದು ಬಹುಕಾಲದಿಂದ ಯೋಚಿಸಿದ್ದೆನು.

ಉಪಾಧ್ಯಾಯವೃತ್ತಿಯ ನಿಮಿತ್ತ ನಾನು ಆ ಊರಿನಲ್ಲಿ ಕೆಲವು ವರ್ಷ ವಾಸವಾಗಿದ್ದೆನು. ನೆರೆಮನೆಯವರು ಬಾಸೆಲ್ ಮಿಶನ್ನಿನ ಪರಂಪರೆಗೆ ಸೇರಿದವರು. ಆ ಮಿಶನ್ನು 1834ರಲ್ಲಿ ಮಂಗಳೂರಿಗೆ ಬಂದಿತು. ಅದರವರೇ ಆದ ಕಿಟ್ಟೆಲರು 1894ರ ನಿಘಂಟಿನಿಂದ ನಮಗೆಲ್ಲ ಪರಿಚಿತರಷ್ಟೆ. ಅವರು 1862ರಲ್ಲಿಯೇ ಯೇಸುವಿನ ಚರಿತ್ರೆಯನ್ನು ‘ಕಥಾಮಾಲೆ’ಯೆಂಬ ಹೆಸರಿನಿಂದ ದೇಶೀಯ ಛಂದಸ್ಸಿನಲ್ಲಿ ರಚಿಸಿದರು. ದೇವರ ಸ್ತುತಿಯು ಕೇಳುವವರ ಕಿವಿಗೆ ಒಗ್ಗಿದ ಧಾಟಿಯಲ್ಲಿಯೇ ಬೇರೂರತಕ್ಕದ್ದೆಂದು ಅವರು ತಿಳಿದಿದ್ದರೆಂದು ತೋರುತ್ತದೆ.

ನೆರೆಮನೆಯಲ್ಲಿ ‘ಸ್ತೋತ್ರ’ವೆಂದರೆ ಪುಸ್ತಕದಲ್ಲಿರುವ ಶ್ಲೋಕಾವಳಿಯಲ್ಲ, ದೇವರಿಗೆ ಹೇಳುವ ಉಪಕಾರದ ಮಾತು. ಸಾಯಂಕಾಲದ ಪ್ರಾರ್ಥನೆಯಲ್ಲಿ ಒಂದು ಕೀರ್ತನೆಯನ್ನೋದಿದ ಬಳಿಕ, ಒಬ್ಬೊಬ್ಬರೂ ಆ ದಿನ ತಮಗೊದಗಿದ ಒಂದು ಒಳಿತನ್ನು ನೆನೆದು ಸ್ತೋತ್ರ ಹೇಳುವರು. ಬಾವಿಯಲ್ಲಿ ನೀರೇರಿದುದು, ಜ್ವರವಿಳಿದುದು, ಕಳೆದ ಪೆನ್ಸಿಲು ಸಿಕ್ಕಿದುದು; ಯಾವುದೂ ಅಲ್ಪವಲ್ಲ. ‘ಹೇಳು’ ಎಂದು ಮಕ್ಕಳಿಗೆ ಆಜ್ಞಾಪಿಸಿದುದನ್ನು ನಾನು ಕೇಳಲಿಲ್ಲ. ಹಿರಿಯರು ಮೊದಲು ಹೇಳುವರು. ಮಕ್ಕಳು ತಮ್ಮ ಸರದಿಗೆ ಕಾದಿರುವರು. ಮನೆಯಲ್ಲಿಯೂ ಹಾದಿಯಲ್ಲಿಯೂ ಮಕ್ಕಳಿಗೆ ದೇವರ ಮಾತನ್ನು ಕಲಿಸತಕ್ಕದ್ದೆಂದು ಧರ್ಮೋಪದೇಶಕಾಂಡದಲ್ಲಿ ವಿಧಿಯುಂಟು. ಆ ವಿಧಿಯು ಅಲ್ಲಿ ಬಾಳುವೆಯೇ ಆಗಿತ್ತು.

ಮನೆಯ ಯಜಮಾನನು ಹೆಂಚಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದನು. ಒಂದು ದಿನ ಮಧ್ಯಾಹ್ನವೇ ಮನೆಗೆ ಬಂದನು, ಕಾರ್ಖಾನೆಯು ಮುಚ್ಚಿಹೋಗಿತ್ತು. ಆ ಸಂಜೆ ನಾನು ಅವರ ಜಗಲಿಯಲ್ಲಿದ್ದೆನು. ಮೊದಲ ಸರದಿ ಯಜಮಾನನದು. ಅವನು ತಲೆ ತಗ್ಗಿಸಿದನು, ಮಾತು ಹೊರಡಲಿಲ್ಲ. ಗೃಹಿಣಿಯು ಗಂಜಿಗಾಗಿ ಸ್ತೋತ್ರ ಹೇಳಿದಳು. ಆಕೆಯ ಕಂಠವೂ ನಡುಗಿತು. ಆಗ ಐದು ವರ್ಷದ ಮಗಳು, “ಅಪ್ಪ ಇವತ್ತು ಬೇಗ ಮನೆಗೆ ಬಂದದ್ದಕ್ಕೆ ಸ್ತೋತ್ರ” ಎಂದಿತು. ತಂದೆಯು ಮಗುವನ್ನು ತೊಡೆಯ ಮೇಲೆತ್ತಿಕೊಂಡು, ಬಹಳ ಹೊತ್ತಿನ ಮೇಲೆ “ಆಮೆನ್” ಎಂದನು.

ದೇವಾಲಯದಲ್ಲಿ ಕೂಗಿ ಸ್ತುತಿಸುತ್ತಿದ್ದ ಮಕ್ಕಳನ್ನು ಕಂಡು ಶಾಸ್ತ್ರಿಗಳು ಸಿಟ್ಟಾದರೆಂದೂ, ಯೇಸುವು ಎಂಟನೆಯ ಕೀರ್ತನೆಯನ್ನು ಅವರಿಗೆ ನೆನಪುಮಾಡಿದನೆಂದೂ ಮತ್ತಾಯನ ಸುವಾರ್ತೆಯಲ್ಲಿದೆ. ನಾನು ಆ ಶಾಸ್ತ್ರಿಗಳ ಪಂಕ್ತಿಯವನೆಂದು ಆ ರಾತ್ರಿ ನನಗನ್ನಿಸಿತು.

ಏಕೆಂದರೆ ನನ್ನ ಮಗನಿಗೆ ನಾನು ಸ್ತೋತ್ರಗಳನ್ನು ಬೆತ್ತ ಹಿಡಿದು ಕಲಿಸಿದ್ದೆನು. ಅಕ್ಷರಲೋಪವಿಲ್ಲದೆ ಒಪ್ಪಿಸುತ್ತಿದ್ದನು. ತಂದೆಯು ದೇವರಿಗೆ ಉಪಕಾರ ಹೇಳುವುದನ್ನು ಅವನು ಎಂದೂ ಕೇಳಲಿಲ್ಲ. ತಪ್ಪು ತಿದ್ದುವುದನ್ನೇ ಕೇಳಿದನು. ಈಗ ದೂರದ ಊರಿನಲ್ಲಿದ್ದಾನೆ, ಒಂದನ್ನೂ ಹೇಳುವುದಿಲ್ಲ. ಅವನನ್ನು ದೂಷಿಸಲಾರೆನು.

ರಜೆಯಲ್ಲಿ ಮೊಮ್ಮಗಳು ಬಂದಾಗ, ದೀಪ ಹಚ್ಚಿದ ಮೇಲೆ ನನ್ನ ದೇವರಿಗೆ ನನ್ನ ಸರದಿಯನ್ನು ನಾನೇ ಮೊದಲು ಹೇಳುತ್ತೇನೆ. ಕಳೆದ ಸಲ ಮಗನೂ ಬಾಗಿಲ ಬಳಿ ಬಂದು ನಿಂತಿದ್ದನು. ನಾನು ಅವನನ್ನು ಕರೆಯಲಿಲ್ಲ. ನಮ್ಮದು ಮುಗಿಯುವವರೆಗೆ ಅವನು ಹೋಗಲೂ ಇಲ್ಲ.