ಫೊಂತೈನ್ಯಾಸಿನ ಗೋಡೆಗಳು

ಮನೆಯೆಂಬುದು ಮಳೆಬಿಸಿಲುಗಳಿಂದ ಮನುಷ್ಯನನ್ನು ಕಾಯುವ ನಾಲ್ಕು ಗೋಡೆಗಳು ಮಾತ್ರವೇ ಆಗಿದ್ದರೆ, ಆ ಗೋಡೆಗಳಿಗೆ ಬಣ್ಣದ ಹಂಗು ಇರುತ್ತಿರಲಿಲ್ಲ. ಆದರೆ ಕಡುಬಡವರೂ ಹಬ್ಬ ಸಮೀಪಿಸಿತೆಂದರೆ ಒಂದು ಹಿಡಿ ಸುಣ್ಣವನ್ನೋ ಕೆಮ್ಮಣ್ಣನ್ನೋ ಹುಡುಕುತ್ತಾರೆ. ಗೋಡೆಯ ಬಣ್ಣವು ಒಳಗಿರುವವರು ಬೀದಿಯೊಡನೆ ಆಡುವ ಮೊದಲ ಮಾತು. ಈ ಮಾತನ್ನು ಧೈರ್ಯದಿಂದಲೂ ಮಿತಿಯಿಂದಲೂ ಆಡಿದ ಕೇರಿಯೊಂದು ನಾವು ಹೊಟ್ಟೆಪಾಡಿಗಾಗಿ ಬಂದು ನೆಲೆಸಿರುವ ಗೋವೆಯಲ್ಲಿದೆ. ನಮ್ಮ ಶಿಕ್ಷಕ ಬಂಧುಗಳೂ ವಿದ್ಯಾರ್ಥಿಗಳೂ ಅದನ್ನೊಮ್ಮೆ ಕಣ್ತೆರೆದು ನೋಡಲೆಂಬುದೇ ಈ ಬರೆಹದ ಉದ್ದೇಶ.

ಪಣಜಿಯ ಆಲ್ತಿನ್ಯೊ ಗುಡ್ಡಕ್ಕೂ ಓರೆಂ ಹಳ್ಳಕ್ಕೂ ನಡುವೆ ಇರುವ ಆ ಕೇರಿಯ ಹೆಸರು ಫೊಂತೈನ್ಯಾಸ್. ಪೋರ್ತುಗೀಜ್ ಭಾಷೆಯಲ್ಲಿ ಚಿಕ್ಕ ಚಿಲುಮೆಗಳೆಂದು ಅದರ ಅರ್ಥ. ಗುಡ್ಡದ ಬುಡದ ಒರತೆಯಿಂದ ಬಂದ ಹೆಸರದು. ಮೊದಲು ಅಲ್ಲಿ ತೆಂಗಿನ ತೋಟವಿದ್ದಿತು. ಪೋರ್ತುಗೀಜರ ವೈಸರಾಯನು 1759ರಲ್ಲಿ ಹಳೆಯ ಗೋವೆಯನ್ನು ತೊರೆದು ಪಣಜಿಗೆ ಬಂದನು. 1843ರಲ್ಲಿ ಪಣಜಿಯೇ ರಾಜಧಾನಿಯೆನಿಸಿತು. ಊರು ಬೆಳೆದಂತೆ ತೋಟವು ಮನೆಗಳ ಕೇರಿಯಾಯಿತು. ಓಣಿಗಳು ಇಕ್ಕಟ್ಟು, ಮನೆಗೆ ಮನೆ ಅಂಟಿಕೊಂಡಿದೆ. ಅಂಗಳವಿಲ್ಲ, ಹೂದೋಟವಿಲ್ಲ. ಬೀದಿಗೆ ಕಾಣುವುದು ಮುಂಭಾಗದ ಒಂದು ಗೋಡೆ ಮಾತ್ರ.

ಆ ಒಂದು ಗೋಡೆಯಲ್ಲಿಯೇ ಅಲ್ಲಿಯ ಜನರು ತಮ್ಮತನವನ್ನೆಲ್ಲ ತೋರಿಸಿದ್ದಾರೆ. ಒಂದು ಮನೆ ಅರಿಸಿನದ ಹಳದಿ, ಪಕ್ಕದ್ದು ಗಾಢವಾದ ನೀಲಿ, ಅದರಾಚೆಯದು ಇಟ್ಟಿಗೆಗೆಂಪು. ಇಷ್ಟು ಬಣ್ಣಗಳು ಒತ್ತೊತ್ತಾಗಿದ್ದರೂ ಕಣ್ಣಿಗೆ ಜಾತ್ರೆಯ ಗದ್ದಲವೆನಿಸುವುದಿಲ್ಲ. ಕಾರಣವನ್ನು ನಾವು ಬಹಳ ಹೊತ್ತು ನಿಂತು ನೋಡಿ ತಿಳಿದುಕೊಂಡೆವು. ಒಂದು ಗೋಡೆಗೆ ಒಂದೇ ಬಣ್ಣ. ಬಾಗಿಲು, ಕಿಟಕಿ, ಗೋಡೆಯ ಮೂಲೆ, ಸೂರಿನಂಚು, ಇವುಗಳ ಸುತ್ತ ಬಹುಮಟ್ಟಿಗೆ ಬಿಳಿಯ ಪಟ್ಟಿ. ಬಿಳಿಯ ಗೆರೆಯು ಬಣ್ಣಕ್ಕೆ ಬೇಲಿಯಾಗಿ ನಿಂತು, ಒಂದು ಮತ್ತೊಂದರ ಮೇಲೆ ಬೀಳದಂತೆ ಕಾಯುತ್ತದೆ. ಮೇಲೆ ಕೆಂಪು ಹೆಂಚು, ಮಹಡಿಗೆ ಕಬ್ಬಿಣದ ಕಟಾಂಜನ, ಬಾಗಿಲ ಬದಿಯಲ್ಲಿ ಬಿಳುಪಿನ ಮೇಲೆ ನೀಲಿಯಲ್ಲಿ ಬರೆದ ಹೊಳೆಯುವ ಹೆಸರಿನ ಬಿಲ್ಲೆ. ಹಳೆಯ ಕೆಲವು ಕಿಟಕಿಗಳಲ್ಲಿ ಗಾಜಿಗೆ ಬದಲು ಕಡಲ ಚಿಪ್ಪಿನ ತೆಳುವಾದ ಬಿಲ್ಲೆಗಳನ್ನು ಜೋಡಿಸಿದ್ದಾರೆ; ಅವುಗಳ ಮೂಲಕ ಬರುವ ಬೆಳಕು ಹಾಲಿನಂತೆ ಮೃದು.

ಈ ಅಂದದ ಹಿಂದೆ ಉಪಯೋಗವೂ ಅಡಗಿದೆ. ಗೋವೆಯ ಹಳೆಯ ಗೋಡೆಗಳು ಜಂಬಿಟ್ಟಿಗೆಯವು. ಅದು ನೀರು ಹೀರುವ ಕಲ್ಲು. ಇಲ್ಲಿಯ ಮಳೆಯೋ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಸಮೀಪ. ಆದುದರಿಂದ ಗೋಡೆಗೆ ಸುಣ್ಣದ ಗಾರೆಯ ಹೊದಿಕೆ, ಅದರ ಮೇಲೆ ಬಣ್ಣ ಬೆರಸಿದ ತಿಳಿಸುಣ್ಣ. ಸುಣ್ಣವು ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡನ್ನು ಹೀರಿ ಮರಳಿ ಕಲ್ಲಾಗುತ್ತದೆ. ಬಣ್ಣವನ್ನು ತನ್ನೊಳಗೆ ಹಿಡಿದಿಡುತ್ತದೆ. ಅದರ ಖಾರವನ್ನು ತಾಳಬಲ್ಲವು ಕೆಲವೇ ಬಣ್ಣಗಳು: ಕಬ್ಬಿಣದ ಅಂಶವುಳ್ಳ ಕೆಂಪು ಮತ್ತು ಹಳದಿ ಮಣ್ಣುಗಳು, ಬಟ್ಟೆಗೆ ಹಾಕುವಂಥ ನೀಲಿಪುಡಿ. ಮುಖ್ಯವಾಗಿ, ಸುಣ್ಣ ಬಳಿದ ಗೋಡೆ ಉಸಿರಾಡುತ್ತದೆ. ಒಳಸೇರಿದ ತೇವವನ್ನು ಹೊರಗೆ ಬಿಡುತ್ತದೆ. ಅಂತಹ ಗೋಡೆಯ ಮೇಲೆ ಇಂದಿನ ಪ್ಲಾಸ್ಟಿಕ್ ಬಣ್ಣವನ್ನು ಬಳಿದರೆ ತೇವ ಒಳಗೇ ಸಿಕ್ಕಿ, ಬಣ್ಣ ಗುಳ್ಳೆಯೆದ್ದು ಹೊಪ್ಪಳಿಕೆಯಾಗಿ ಉದುರುತ್ತದೆ.

ಪೋರ್ತುಗೀಜರ ಕಾಲದಲ್ಲಿ ಅಚ್ಚ ಬಿಳುಪು ಇಗರ್ಜಿಗಳಿಗೆ ಮೀಸಲಾಗಿತ್ತೆಂದೂ, ಉಳಿದವರು ಬೇರೆ ಬಣ್ಣಗಳನ್ನು ಬಳಿಯಬೇಕಾಗಿತ್ತೆಂದೂ, ಮಳೆಗಾಲ ಮುಗಿದೊಡನೆ ಪ್ರತಿವರ್ಷವೂ ಗೋಡೆಯನ್ನು ಹೊಸತು ಮಾಡಬೇಕಾಗಿತ್ತೆಂದೂ ಇಲ್ಲಿ ಹೇಳುತ್ತಾರೆ. ಆ ಆಳ್ವಿಕೆ 1961ರ ಡಿಸೆಂಬರಿನಲ್ಲಿ ಮುಗಿಯಿತು; ಬಣ್ಣ ಮಾತ್ರ ಉಳಿಯಿತು. ಕಟ್ಟಳೆಯಿಂದ ಬಂದುದೇ ಆಗಿದ್ದರೂ ಜನರು ಅದನ್ನು ತಮ್ಮದಾಗಿ ಮಾಡಿಕೊಂಡರು. ಈಗ ಅಲ್ಲಿ ನೋಟಕರ ದಟ್ಟಣೆ. ಫೋಟೋ ತೆಗೆಯಬೇಡಿರೆಂಬ ಫಲಕಗಳೂ ಕೆಲವು ಬಾಗಿಲುಗಳಲ್ಲಿ ಕಾಣುತ್ತವೆ. ಅದು ಸಹಜವೇ. ಗೋಡೆಯ ಬಣ್ಣ ಬೀದಿಗೆ ಸೇರಿದರೂ ಮನೆ ಮನೆಯವರದು.

ನಾವು ನಾಲ್ಕನೆಯ ಇಯತ್ತೆಯ ಮಕ್ಕಳಿಗೆ ಈ ಕೇರಿಯ ವಿಷಯವನ್ನು ತಿಳಿಸಿ, ನಿಮ್ಮ ನಿಮ್ಮ ಮನೆಯ ಚಿತ್ರ ಬರೆಯಿರೆಂದು ಒಮ್ಮೆ ಹೇಳಿದೆವು. ಎಲ್ಲರೂ ಬಣ್ಣದ ಕಡ್ಡಿಗಳಿಗೆ ಮುಗಿಬಿದ್ದರು. ಬಾಗಲಕೋಟೆಯ ಕಡೆಯ ಒಬ್ಬ ಹುಡುಗಿ ಮಾತ್ರ ಸುಮ್ಮನೆ ಕುಳಿತಿದ್ದಳು. ಏಕೆಂದು ವಿಚಾರಿಸಲು, "ನಮ್ಮದು ಬಾಡಿಗಿ ಖೋಲಿರಿ ಸರ. ಗ್ವಾಡಿಗೆ ಬಣ್ಣ ಹಚ್ಚಾಕ ಮಾಲಕ್ರು ಬಿಡಂಗಿಲ್ಲರಿ," ಎಂದಳು. ಕಾಗದದ ಮೇಲೆ ಹಚ್ಚಲು ಯಾವ ಮಾಲಕನ ಅಪ್ಪಣೆಯೂ ಬೇಡವೆಂದು ನಾವು ಹೇಳಬಹುದಾಗಿತ್ತು. ಆದರೆ ಆ ಮಾತು ಗಂಟಲಿನಿಂದ ಹೊರಡಲಿಲ್ಲ. "ಊರಾಗ ನಿಮ್ಮ ಮನಿ ಹೆಂಗ ಐತವ್ವಾ?" ಎಂದು ಕೇಳಿದೆವು. ಅವಳ ಮುಖ ಅರಳಿತು. ಪಂಚಮಿ ಬಂತೆಂದರೆ ಅಜ್ಜಿ ಗೋಡೆಗೆ ಸುಣ್ಣ ಬಳಿದು, ಬುಡಕ್ಕೆ ಕೆಮ್ಮಣ್ಣಿನ ಪಟ್ಟೆ ಎಳೆಯುವುದನ್ನೂ, ಹೊಸ್ತಿಲಿಗೆ ಅರಿಸಿನ ಹಚ್ಚುವುದನ್ನೂ ಒಂದೇ ಉಸಿರಿಗೆ ಹೇಳಿದಳು. ಬಳಿಕ ಅದನ್ನೇ ಬರೆದಳು: ಬಿಳಿಯ ಗೋಡೆ, ಕೆಂಪು ಪಟ್ಟೆ, ಹಳದಿ ಹೊಸ್ತಿಲು.

ಆ ಕಾಗದವನ್ನು ನೋಡುತ್ತಿದ್ದಂತೆ ನಮಗೊಂದು ಸಂಗತಿ ಹೊಳೆಯಿತು. ಫೊಂತೈನ್ಯಾಸಿನ ಗಾರೆಯವನು ಬಲ್ಲ ನಿಯಮವನ್ನೇ ಆ ಅಜ್ಜಿಯೂ ಬಲ್ಲಳು. ದಿಟ್ಟವಾದ ಒಂದು ಬಣ್ಣ, ಅದಕ್ಕೊಂದು ಎಲ್ಲೆ, ವರ್ಷಕ್ಕೊಮ್ಮೆ ಕೈಯ ಆರೈಕೆ. ಅವನದು ಬಣ್ಣದ ಗೋಡೆಗೆ ಬಿಳಿಯ ಅಂಚು. ಅವಳದು ಬಿಳಿಯ ಗೋಡೆಗೆ ಬಣ್ಣದ ಅಂಚು. ಸುಣ್ಣವೂ ಕೆಮ್ಮಣ್ಣೂ ಇಬ್ಬರಿಗೂ ಒಂದೇ.

ಪರನಾಡಿನಲ್ಲಿ ದುಡಿಯಲು ಬಂದ ನಮ್ಮವರಲ್ಲಿ ಅನೇಕರು, ಇದು ನಮ್ಮ ಮನೆಯಲ್ಲವೆಂಬ ಭಾವದಲ್ಲಿಯೇ ಹತ್ತಾರು ವರ್ಷಗಳನ್ನು ಕಳೆಯುತ್ತಾರೆ. ಮಕ್ಕಳು ಬೆಳೆಯುವುದು ಮಾತ್ರ ಆ ಬರಿಗೋಡೆಗಳ ನಡುವೆಯೇ. ಗೋಡೆ ನಮ್ಮದಲ್ಲದಿರಬಹುದು, ಹೊಸ್ತಿಲಿಗೆ ಅರಿಸಿನ ಹಚ್ಚಬಾರದೆಂದು ತಡೆಯುವ ಮಾಲಕರು ವಿರಳ. ಶಾಲೆಗಳಲ್ಲಿಯೂ ಅಷ್ಟೆ: ಒಂದು ಬುಟ್ಟಿ ಕೆಮ್ಮಣ್ಣು, ನಾಲ್ಕು ಸೇರು ಸುಣ್ಣ, ಒಂದು ಶನಿವಾರದ ಬೆಳಗು, ಇಷ್ಟಿದ್ದರೆ ಹಿರಿಯರ ಒಪ್ಪಿಗೆ ಪಡೆದು ಮಕ್ಕಳ ಕೈಯಿಂದಲೇ ಜಗಲಿಯ ಬುಡಕ್ಕೊಂದು ಪಟ್ಟೆ ಎಳೆಯಿಸಬಹುದು. ಸುಣ್ಣವನ್ನು ಮಾತ್ರ ದೊಡ್ಡವರೇ ಕಲಸಲಿ. ಅದು ಕಣ್ಣಿಗೆ ಕೆಟ್ಟದ್ದು. ತಾನು ಬಳಿದ ಗೋಡೆಯ ಮೇಲೆ ಯಾವ ಮಗುವೂ ಗೀಚುವುದಿಲ್ಲ.