ರಜೆಯ ಅರ್ಜಿಯ ಇಂಗ್ಲಿಷು

ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗನು ತನ್ನ ಜೀವಮಾನದಲ್ಲಿ ಬರೆಯುವ ಮೊದಲ ಇಂಗ್ಲಿಷ್ ಪತ್ರ ಯಾವುದೆಂದು ಕೇಳಿದರೆ ಉತ್ತರ ಒಂದೇ: ರಜೆಯ ಅರ್ಜಿ. 'ಆಸ್ ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್' ಎಂದು ಮೊದಲಾಗಿ 'ಯುವರ್ಸ್ ಒಬೀಡಿಯೆಂಟ್ಲಿ' ಎಂದು ಮುಗಿಯುವ ಆ ಪತ್ರವು ತಲೆಮಾರುಗಳಿಂದ ಒಂದೇ ಅಚ್ಚಿನಲ್ಲಿ ನಡೆದುಬಂದಿದೆ. ಜ್ವರ ಬಂದಿದ್ದರೂ ಅದೇ, ಸೋದರಮಾವನ ಮದುವೆಯಿದ್ದರೂ ಅದೇ, ಊರಿನ ಜಾತ್ರೆಯಲ್ಲಿ ತೇರು ಎಳೆಯಲು ಹೋಗಬೇಕಾಗಿದ್ದರೂ ಅದೇ. ಜ್ವರಕ್ಕೆ ಇಂಗ್ಲಿಷು ಗೊತ್ತಿತ್ತು; ಜಾತ್ರೆಗೆ ಗೊತ್ತಿರಲಿಲ್ಲ. ಹೀಗಾಗಿ ಜಾತ್ರೆಯ ದಿನಗಳು ಬಂದವೆಂದರೆ ತರಗತಿಗೆ ತರಗತಿಯೇ ಜ್ವರದಿಂದ ನರಳುತ್ತಿತ್ತು. ಇಂಗ್ಲಿಷ್ ಮಾಸ್ತರರು ನಗದೆ ರುಜು ಹಾಕುತ್ತಿದ್ದರು.

ಬಿಜಾಪುರ ಸೀಮೆಯ ಹಳ್ಳಿಯೊಂದರಿಂದ ಬಂದು, ಮಠದ ಪ್ರಸಾದ ನಿಲಯದಲ್ಲಿದ್ದು, 1978ರಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿದ ಹುಡುಗನೊಬ್ಬ ಈ ಒಂದು ಅರ್ಜಿಯನ್ನೇ ಬುತ್ತಿಯಾಗಿ ಕಟ್ಟಿಕೊಂಡು ಹೊರಟನು. ಡಿಪ್ಲೊಮಾ ಮುಗಿಸಿ 1983ರಲ್ಲಿ ಬೆಂಗಳೂರಿನ ಪೀಣ್ಯದ ಒಂದು ಕಾರ್ಖಾನೆಯ ಖರೀದಿ ವಿಭಾಗಕ್ಕೆ ಸೇರಿದನು. ಲೆಕ್ಕದಲ್ಲಿ ಚುರುಕು, ಯಂತ್ರದ ಬಿಡಿಭಾಗಗಳ ಜ್ಞಾನ ಗಟ್ಟಿ. ಆದರೆ ಪತ್ರ ಬರೆಯಲು ಕುಳಿತನೆಂದರೆ ಕೈ ಬೆವರುತ್ತಿತ್ತು. ಜರ್ಮನಿಯಿಂದ ಬಂದ ಪೆಟ್ಟಿಗೆಯಲ್ಲಿ 40 ಬೇರಿಂಗುಗಳ ಬದಲು 28 ಮಾತ್ರ ಇದ್ದುದನ್ನು ಅವನೇ ಎಣಿಸಿ ಕಂಡುಹಿಡಿದನು. ಪತ್ರವನ್ನೂ ಅವನೇ ಬರೆದನು. 'ವೀ ಬೆಗ್ ಟು ಬ್ರಿಂಗ್ ಟು ಯುವರ್ ಕೈಂಡ್ ನೋಟಿಸ್' ಎಂದು ತೊಡಗಿ, ಪೆಟ್ಟಿಗೆಯ ಎಣಿಕೆಯಲ್ಲಿ ಕೊರತೆಯಿರುವುದಾಗಿ ಹೇಳಿ, 'ಕೈಂಡ್ಲಿ ಡೂ ದ ನೀಡ್‌ಫುಲ್ ಆ್ಯಂಡ್ ಒಬ್ಲೈಜ್' ಎಂದು ಮುಗಿಸಿದನು. ತಿದ್ದುವುದಕ್ಕೆ ಎಡೆಯಿಲ್ಲದ ಪತ್ರವೆಂದು ಅವನಿಗೆ ತೋರಿತು.

ಮೂರು ವಾರಗಳ ತರುವಾಯ ಉತ್ತರ ಬಂದಿತು, ಎರಡೇ ಸಾಲು. ಎಷ್ಟು ಕಡಿಮೆಯಾಗಿವೆ? ತಾವು ಏನು ಮಾಡಬೇಕೆಂದು ನಿಮ್ಮ ಅಪೇಕ್ಷೆ: ಉಳಿದುದನ್ನು ಕಳುಹಿಸಬೇಕೆ, ಹಣ ಕಳೆಯಬೇಕೆ? ಅಷ್ಟು ದಿನವೂ ಯಂತ್ರವೊಂದು ನಿಂತೇ ಇತ್ತು.

ವಿಭಾಗದ ಹಿರಿಯ ಗುಮಾಸ್ತರು ಗದರಿಸಲಿಲ್ಲ. ಹಾಳೆಯೊಂದನ್ನು ಎಳೆದುಕೊಂಡು ಮೂರು ವಾಕ್ಯ ಬರೆದರು. ಇಂಥ ದಿನದ ಇಂಥ ನಂಬರಿನ ಬೀಜಕದಲ್ಲಿ 40 ಎಂದಿದೆ. ಪೆಟ್ಟಿಗೆಯಲ್ಲಿ 28 ಇದ್ದವು. 'ಕುಡ್ ಯು ಪ್ಲೀಸ್ ಸೆಂಡ್ ದ ರಿಮೈನಿಂಗ್ ಟ್ವೆಲ್ವ್ ಬೈ ಏರ್ ಬಿಫೋರ್ ದ ಟ್ವೆಂಟಿಯತ್ ಆಫ್ ಮಾರ್ಚ್?' ಅದರಲ್ಲಿ ಹುಡುಗನಿಗೆ ತಿಳಿಯದ ಶಬ್ದ ಒಂದೂ ಇರಲಿಲ್ಲ. ಅವನನ್ನು ನಾಚಿಸಿದ್ದೂ ಅದೇ.

'ಡೂ ದ ನೀಡ್‌ಫುಲ್' ಎಂಬುದು ಒಂದು ಕಾಲಕ್ಕೆ ಬ್ರಿಟಿಷರೇ ಬಳಸುತ್ತಿದ್ದ ಮಾತು. ಅವರ ನಾಡಿನಲ್ಲಿ ಅದು ಸವೆದು ಮೂಲೆ ಸೇರಿದ ಮೇಲೂ ಭಾರತದ ಕಚೇರಿಗಳಲ್ಲಿ ಉಳಿದುಕೊಂಡಿತು. 'ಇನ್‌ಸ್ಟಂಟ್' ಎಂದರೆ ಈ ತಿಂಗಳು, 'ಅಲ್ಟಿಮೊ' ಎಂದರೆ ಕಳೆದ ತಿಂಗಳು, 'ಪ್ರಾಕ್ಸಿಮೊ' ಎಂದರೆ ಬರುವ ತಿಂಗಳು ಎಂಬ ಲ್ಯಾಟಿನ್ ಸಂಕೇತಗಳೂ ಹೀಗೆಯೇ ಬಂದವು. ತಿಂಗಳ ಹೆಸರನ್ನೇ ಬರೆದರೆ ಏನು ನಷ್ಟವೆಂದು ಕೇಳಿದವರು ಕಡಿಮೆ. ಬ್ರಿಟಿಷರ ಸರಕಾರಿ ಪತ್ರಗಳು 'ಯುವರ್ ಮೋಸ್ಟ್ ಒಬೀಡಿಯೆಂಟ್ ಸರ್ವೆಂಟ್' ಎಂದು ಮುಗಿಯುತ್ತಿದ್ದುದು ಸರಿ. ಆದರೆ ಮೇಲಧಿಕಾರಿಯು ಕೈಕೆಳಗಿನವನಿಗೆ ಬರೆಯುವಾಗಲೂ ಅದನ್ನೇ ಬರೆಯುತ್ತಿದ್ದನು. ಅದರಲ್ಲಿ ಸೇವಕನೂ ಇರಲಿಲ್ಲ, ವಿಧೇಯತೆಯೂ ಇರಲಿಲ್ಲ. ಪತ್ರ ಮುಗಿಯಿತೆಂಬ ಗುರುತು ಮಾತ್ರ ಇತ್ತು. ಅದನ್ನು ನಿಜವೆಂದು ಬಗೆದು ಬೆನ್ನು ಬಾಗಿಸಿದವರು ಇಲ್ಲಿನ ಗುಮಾಸ್ತರು.

ಕನ್ನಡದ ಪತ್ರಗಳಿಗೇನು ಒಕ್ಕಣೆಯಿರಲಿಲ್ಲವೆ? 'ಉಭಯಕುಶಲೋಪರಿ' ಎಂದು ತೊಡಗಿ 'ಇಂತೀ ವಿಜ್ಞಾಪನೆಗಳು' ಎಂದು ಮುಗಿಸುವ ಹಿರಿಯರ ಕಾಗದದಲ್ಲಿ ವಿಷಯಕ್ಕೆ ಸಿಗುತ್ತಿದ್ದುದು ನಡುವಿನ ಎರಡು ಸಾಲು. ಆದರೆ ಆ ಎರಡು ಸಾಲಿನಲ್ಲಿ ಬಿತ್ತನೆಯ ಬೀಜ ಎಷ್ಟು ಸೇರು, ಎತ್ತಿನ ಬೆಲೆ ಎಷ್ಟು, ಯಾವ ವಾರ ಗಾಡಿ ಕಳುಹಿಸಬೇಕು ಎಂಬುದು ಸ್ಪಷ್ಟವಾಗಿ ಇರುತ್ತಿತ್ತು. ರಜೆಯ ಅರ್ಜಿಯ ಇಂಗ್ಲಿಷಿನಲ್ಲಿ ಒಕ್ಕಣೆ ಉಳಿಯಿತು, ಗಾಡಿಯ ವಾರ ಬಿಟ್ಟುಹೋಯಿತು.

ಬ್ರಿಟನ್ನಿನಲ್ಲೇ ಈ ಕಾಡನ್ನು ಕಡಿಯಲು ಹೊರಟವರಿದ್ದರು. 1940ರ ಆಗಸ್ಟ್ 9ರಂದು, ಯುದ್ಧದ ನಡುವೆ, ಪ್ರಧಾನಿ ಚರ್ಚಿಲ್ಲರು ತಮ್ಮ ಇಲಾಖೆಗಳಿಗೆ ಟಿಪ್ಪಣಿಯೊಂದನ್ನು ಹೊರಡಿಸಿ, ವರದಿಗಳು ಚಿಕ್ಕವಾಗಿರಲಿ, ಒಂದು ಶಬ್ದ ಸಾಕಾಗುವಲ್ಲಿ ಉದ್ದನೆಯ ನುಡಿಗಟ್ಟು ಬೇಡ ಎಂದು ತಿಳಿಸಿದರು. ಬ್ರಿಟಿಷ್ ಖಜಾನೆಯ ಕೋರಿಕೆಯ ಮೇರೆಗೆ ಅರ್ನೆಸ್ಟ್ ಗವರ್ಸ್ ಎಂಬ ಹಿರಿಯ ಅಧಿಕಾರಿಯು 1948ರಲ್ಲಿ 'ಪ್ಲೇನ್ ವರ್ಡ್ಸ್' ಎಂಬ ಪುಸ್ತಕವನ್ನೇ ಬರೆದರು. ಅದು ಅಲ್ಲಿನ ಸರಕಾರಿ ನೌಕರರಿಗಾಗಿ ಬರೆದದ್ದು. ಇಂಗ್ಲಿಷು ತಾಯಿನುಡಿಯಾದವರಿಗೇ ಅಂಥ ಪುಸ್ತಕ ಬೇಕಾಯಿತೆಂಬುದು ಪ್ರಸಾದ ನಿಲಯದ ಹುಡುಗನಿಗೆ ಸಣ್ಣ ಸಮಾಧಾನವಲ್ಲ.

ಆದರೆ ಅವನ ತೊಡಕು ಗವರ್ಸರ ಓದುಗರ ತೊಡಕಿಗಿಂತ ಬೇರೆಯಾದುದು. 'ಬೆಗ್' ಎಂಬುದನ್ನು ಬಿಡು ಎಂದಾಗ ಅವನು ಇನ್ನೊಂದು ತುದಿಗೆ ಹೋದನು. ಮುಂದಿನ ಪತ್ರದಲ್ಲಿ 'ಸೆಂಡ್ ದ ಪೇಪರ್ಸ್ ಇಮಿಡಿಯೇಟ್ಲಿ' ಎಂದು ಬರೆದನು. ಅವನ ಮನಸ್ಸಿನಲ್ಲಿದ್ದ ಕನ್ನಡವು 'ಕೂಡಲೇ ಕಾಗದಪತ್ರಗಳನ್ನು ಕಳುಹಿಸಿರಿ' ಎಂಬುದು. ಅದರಲ್ಲಿ ಯಾವ ಒರಟುತನವೂ ಇಲ್ಲ. ಕಳುಹಿಸು ಎಂಬುದಕ್ಕೂ ಕಳುಹಿಸಿರಿ ಎಂಬುದಕ್ಕೂ ಇರುವ ಅಂತರದಲ್ಲೇ ಕನ್ನಡದ ಗೌರವವೆಲ್ಲ ಅಡಗಿದೆ. ಅದರ ಮೇಲೆ ದಯವಿಟ್ಟು ಎಂದು ಬಾಯಲ್ಲಿ ಹೇಳುವವರು ಅಪರೂಪ. ನೀನು, ನೀವು, ತಾವು ಎಂಬ ಮೂರು ಮೆಟ್ಟಿಲು ಇಂಗ್ಲಿಷಿಗೆ ಇಲ್ಲ. 'ದೌ' ಎಂಬ ಏಕವಚನವು ದಿನಬಳಕೆಯಿಂದ ಮರೆಯಾದ ಮೇಲೆ ರಾಜನಿಗೂ ಆಳಿಗೂ ಒಂದೇ 'ಯು'. ಕ್ರಿಯಾಪದವು ಹೊರಲಾರದ ಗೌರವವನ್ನು ಆ ಭಾಷೆಯು 'ಕುಡ್ ಯು', 'ವುಡ್ ಯು', 'ಐ ವುಡ್ ಬಿ ಗ್ರೇಟ್‌ಫುಲ್ ಇಫ್' ಎಂಬ ಮಾತುಗಳ ಮೇಲೆ ಹೊರಿಸಿದೆ. ಅಪ್ಪಣೆಯನ್ನು ಪ್ರಶ್ನೆಯಾಗಿಸುವುದೇ ಅಲ್ಲಿನ ಬಹುವಚನ. ಇದನ್ನು ತರಗತಿಯಲ್ಲಿ ಯಾರೂ ಹೇಳಿಕೊಡುವುದಿಲ್ಲ. 'ಕುಡ್' ಎಂದರೆ 'ಕ್ಯಾನ್' ಎಂಬುದರ ಭೂತಕಾಲವೆಂದಷ್ಟೇ ಹೇಳಿ ಮುಂದಿನ ಪಾಠಕ್ಕೆ ಹೋಗಿಬಿಡುತ್ತಾರೆ.

ಇದನ್ನು ಮನಗಂಡ ಮೇಲೆ ಪತ್ರದ ಭಯ ಅರ್ಧ ಇಳಿಯಿತು. ಉಳಿದರ್ಧ ಹತ್ತಿಪ್ಪತ್ತು ಮಾತುಗಳ ಅಭ್ಯಾಸ. ಮೊದಲ ಸಾಲಿನಲ್ಲೇ 'ಐ ಆ್ಯಮ್ ರೈಟಿಂಗ್ ಟು' ಎಂದು ಬಂದ ಕಾರಣ ಹೇಳುವುದು. 'ಪ್ಲೀಸ್ ಫೈಂಡ್ ಎನ್‌ಕ್ಲೋಸ್ಡ್' ಎಂದು ಹುಡುಕಲು ಹಚ್ಚದೆ 'ಐ ಎನ್‌ಕ್ಲೋಸ್' ಎನ್ನುವುದು. 'ಡಿಯರ್ ಸರ್' ಎಂದಿದ್ದರೆ 'ಫೇತ್‌ಫುಲಿ', ಹೆಸರು ಹಿಡಿದು ಬರೆದಿದ್ದರೆ 'ಸಿನ್ಸಿಯರ್ಲಿ' ಎಂಬ ಬ್ರಿಟಿಷ್ ಜೋಡಿ. ಚರ್ಚೆಯ 'ಬಗ್ಗೆ' ಕನ್ನಡಕ್ಕೆ ಬೇಕು, 'ಡಿಸ್ಕಸ್' ಆದ ಮೇಲೆ 'ಅಬೌಟ್' ಇಂಗ್ಲಿಷಿಗೆ ಬೇಡ. 'ರಿವರ್ಟ್' ಎಂದರೆ ಉತ್ತರ ಕೊಡುವುದೆಂದು ಇಲ್ಲಿನ ರೂಢಿ. ಬೇರೆಡೆ ಅನೇಕರಿಗೆ ಅದು ಹಿಂದಿನ ಸ್ಥಿತಿಗೆ ಮರಳುವುದು. ತಾರೀಖಿನಲ್ಲಿ 5/6 ಎಂದು ಬರೆದರೆ ಇಲ್ಲಿ ಜೂನ್ 5, ಅಮೆರಿಕದವನಿಗೆ ಮೇ 6. ತಿಂಗಳನ್ನು ಅಕ್ಷರದಲ್ಲೇ ಬರೆಯುವುದು ಲೇಸು.

ಹೆಚ್ಚು ಕಾಡಿದ್ದು 'ನೋಡೋಣ' ಎಂಬ ಕನ್ನಡ ಶಬ್ದ. ಮುಖ ಮುರಿಯದೆ ಇಲ್ಲವೆನ್ನಲು ಕನ್ನಡಿಗನಿಗೆ ಇದಕ್ಕಿಂತ ಒಳ್ಳೆಯ ಮಾತಿಲ್ಲ. ಹೇಳಿದವನಿಗೂ ಕೇಳಿದವನಿಗೂ ಅರ್ಥ ಗೊತ್ತು. ಅದನ್ನೇ 'ವೀ ವಿಲ್ ಸೀ' ಎಂದು ಪರದೇಶದವನಿಗೆ ಬರೆದರೆ ಅವನು ಆಸೆಯಿಂದ ಕಾಯುತ್ತ ಕುಳಿತಿರುತ್ತಾನೆ. 'ಐ ಆ್ಯಮ್ ಅಫ್ರೇಡ್ ವೀ ಕೆನಾಟ್' ಎಂಬುದನ್ನು ಬರೆಯಲು ಅವನಿಗೆ ವರ್ಷಗಳೇ ಹಿಡಿದವು. ಶಬ್ದಗಳು ಕಠಿಣವಾಗಿರಲಿಲ್ಲ, ಎದುರಿಗಿದ್ದವನ ಮುಖಕ್ಕೆ ಇಲ್ಲವೆನ್ನುವುದು ಕಠಿಣವಾಗಿತ್ತು.

ಪತ್ರದಲ್ಲಿ ಒಡೆದುಹಾಕಿ ಮತ್ತೆ ಬರೆಯಬಹುದು. ಸಭೆಯಲ್ಲಿ ಆ ಸವಲತ್ತಿಲ್ಲ. 1986ರಲ್ಲಿ ಒಂದು ಸಭೆ. ಮೇಜಿನ ಸುತ್ತ ವೇಗವಾಗಿ ಮಾತು ಹೊರಳುತ್ತಿತ್ತು. ಉಕ್ಕಿನ ಸರಳು ಎಷ್ಟು ಟನ್ ತರಿಸಬೇಕೆಂಬ ಮಾತು ಬಂದಾಗ ಅವನಿಗೆ 'ಫಿಫ್ಟೀನ್' ಎಂದು ಕೇಳಿಸಿತು. ಕ್ಷಣಕಾಲ ಅನುಮಾನವೂ ಬಂದಿತು. ಮತ್ತೊಮ್ಮೆ ಕೇಳಿದರೆ 'ಕನ್ನಡ ಶಾಲೆಯ ಹುಡುಗ' ಎಂದಾರೆಂದು ತಲೆಯಾಡಿಸಿದನು. ಮೌನವು ಸಮ್ಮತಿಯ ಲಕ್ಷಣವೆಂಬುದು ಸಂಸ್ಕೃತದವರಿಗೆ ಮಾತ್ರವಲ್ಲ, ಸಭೆಯ ನಡವಳಿ ಬರೆಯುವವರಿಗೂ ಗೊತ್ತು. ನಡವಳಿಯಲ್ಲಿ 50 ಎಂದು ಬರೆದು ಅವನ ಹೆಸರನ್ನು ಎದುರಿಗೆ ಹಾಕಿದ್ದರು. ಅದನ್ನೂ ಅವನು ಓದಲಿಲ್ಲ. ಹದಿನೈದು ಟನ್ ಬಂದು ಮುಗಿದ ದಿನ ಎರಡನೆಯ ಪಾಳಿಯ ಕೂಲಿಕಾರರನ್ನು ಮನೆಗೆ ಕಳುಹಿಸಬೇಕಾಯಿತು. ಗೇಟಿನ ಬಳಿ ಅವರು ತಿರುಗಿ ಹೋದುದನ್ನು ಅವನು ಕಿಟಕಿಯಿಂದ ಕಂಡನು. ಕೆಲಸ ಉಳಿಯಿತು, ಆ ನೋಟವೂ ಉಳಿಯಿತು.

'ಸಾರಿ, ಡಿಡ್ ಯು ಸೇ ಒನ್ ಫೈವ್ ಆರ್ ಫೈವ್ ಝೀರೊ?' ಅಂದು ಬೇಕಾಗಿದ್ದದ್ದು ಇಷ್ಟೇ. ಅಂದಿನಿಂದ ಪ್ರತಿ ಸಭೆಯ ಕೊನೆಗೆ 'ಸೋ, ಟು ಕನ್‌ಫರ್ಮ್' ಎಂದು ಎದ್ದು, ಯಾರು, ಏನು, ಎಂದಿಗೆ ಎಂಬುದನ್ನು ಓದಿಹೇಳುವುದು ಅವನ ಅಭ್ಯಾಸವಾಯಿತು. 'ಐ ಹ್ಯಾವ್ ಎ ಡೌಟ್' ಎನ್ನುವುದನ್ನು ಬಿಟ್ಟನು. ಕನ್ನಡದ ಸಂದೇಹವು ವಿನಯದ ಪ್ರಶ್ನೆ, ಇಂಗ್ಲಿಷಿನ 'ಡೌಟ್' ಎದುರಾಳಿಯ ಮಾತಿನಲ್ಲಿ ಅಪನಂಬಿಕೆ. ಬಲ್ಲವರೂ ಸಭೆಯಲ್ಲಿ ಎಡವುತ್ತಾರೆ. ಯುದ್ಧಕಾಲದಲ್ಲಿ ಬ್ರಿಟಿಷ್ ಮತ್ತು ಅಮೆರಿಕನ್ ಅಧಿಕಾರಿಗಳು 'ಟೇಬಲ್' ಎಂಬ ಒಂದು ಶಬ್ದಕ್ಕಾಗಿ ಬಹಳ ಹೊತ್ತು ವಾದಿಸಿದ್ದನ್ನು ಚರ್ಚಿಲ್ಲರು ತಮ್ಮ ಯುದ್ಧದ ಇತಿಹಾಸದಲ್ಲಿ ಬರೆದಿದ್ದಾರೆ. ಬ್ರಿಟಿಷರಿಗೆ ಅದು ವಿಷಯವನ್ನು ಈಗಲೇ ಚರ್ಚೆಗೆ ತರುವುದು, ಅಮೆರಿಕನ್ನರಿಗೆ ಬದಿಗಿಡುವುದು. ಇಬ್ಬರ ಅಪೇಕ್ಷೆಯೂ ಒಂದೇ ಆಗಿತ್ತು.

ವರ್ಷಗಳು ಉರುಳಿ ಹುಡುಗನು ವಿಭಾಗದ ಮುಖ್ಯಸ್ಥರಾದರು. (ಇನ್ನು 'ಅವನು' ಎನ್ನುವುದು ಸಲ್ಲದು, ಈ ಅನುಕೂಲವು ಕನ್ನಡಕ್ಕೆ ಮಾತ್ರ ಉಂಟು.) ಟೆಲೆಕ್ಸ್ ಹೋಗಿ ಫ್ಯಾಕ್ಸ್ ಬಂದಿತು, ಫ್ಯಾಕ್ಸ್ ಹೋಗಿ ಈಮೇಲ್ ಬಂದಿತು. ಈಗ ಗಣಕಯಂತ್ರವೇ ಕ್ಷಣಾರ್ಧದಲ್ಲಿ ನುಣುಪಾದ ಪತ್ರ ಬರೆದುಕೊಡುತ್ತದೆ. ಆದರೆ ಬೇರಿಂಗುಗಳನ್ನು ಎಣಿಸಿ 28 ಎಂದು ಅದಕ್ಕೆ ಹೇಳುವವರು ಬೇರೆಯೇ ಬೇಕು.

ನಿವೃತ್ತರಾದ ಮೇಲೆ ಅವರು ಶಾಲೆಯ ಗ್ರಂಥಾಲಯಕ್ಕೆ ನಿಘಂಟುಗಳನ್ನು ಕೊಡಲು ಬಯಸಿ, ಎಂಬತ್ತರ ಗಡಿಯಲ್ಲಿರುವ ತಮ್ಮ ಇಂಗ್ಲಿಷ್ ಮಾಸ್ತರರಿಗೆ ಕೈಬರಹದಲ್ಲಿ ಇಂಗ್ಲಿಷ್ ಪತ್ರ ಬರೆದರು. ಇಪ್ಪತ್ತು ನಿಘಂಟುಗಳು; ಶುಕ್ರವಾರದ ಲಾರಿಯಲ್ಲಿ ಬರುತ್ತವೆ; ಇಳಿಸಿಕೊಳ್ಳಲು ಯಾರಿಗಾದರೂ ಹೇಳಬಹುದೇ? ಮೂರೇ ವಾಕ್ಯ. ಕೆಳಗೆ 'ಯುವರ್ಸ್ ಒಬೀಡಿಯೆಂಟ್ಲಿ' ಎಂದಿತ್ತು.

ಹಿಂದೆ ನಿಂತು ಓದಿದ ಮೊಮ್ಮಗಳು, "ಅಜ್ಜಾ, ಹಿಂಗ ಈಗ ಯಾರೂ ಬರಿಯೂದಿಲ್ಲ. 'ಬೆಸ್ಟ್ ರಿಗಾರ್ಡ್ಸ್' ಅಂತ ಹಾಕು" ಎಂದಳು.

ಅವರು ಪತ್ರವನ್ನು ಇನ್ನೊಮ್ಮೆ ಓದಿದರು. ಶುಕ್ರವಾರದ ಮುಂದೆ ತಾರೀಖನ್ನು ಸೇರಿಸಿ, ಉಳಿದುದನ್ನು ಇದ್ದಂತೆಯೇ ಮಡಿಸಿ ಲಕೋಟೆಗೆ ಅಂಟು ಹಚ್ಚಿದರು.